ಇಳಕಲ್ ಸೀರೆಯಲ್ಲಿ ಮಾತೆ ಮರಿಯಮ್ಮ: ವೇಷವೇ, ವಿಶ್ವಾಸವೇ?

ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಸ್ನಾನಿಕ ಅರುಳಪ್ಪನವರ ವಿರಕ್ತ ಮಠವಿದೆ. ಯೇಸುಸಭೆಯ ಗುರುಗಳು ದಶಕಗಳಿಂದ ಅಲ್ಲಿ ಕಾವಿಯುಟ್ಟು, ಶಾಖಾಹಾರಿಗಳಾಗಿ, ಆ ನಾಡಿನ ಸ್ವಾಮಿಗಳ ರೀತಿಯಲ್ಲೇ ಬಾಳಿದ್ದಾರೆ. 2019ರಲ್ಲಿ ಬೆಳಗಾವಿಯ ಧರ್ಮಾಧ್ಯಕ್ಷರು ಅಲ್ಲಿ ಕಾವಿ ಶಾಲು ಹೊದ್ದು, ಹಣೆಗೆ ತಿಲಕವಿಟ್ಟು ಪೂಜೆಯಲ್ಲಿ ಪಾಲ್ಗೊಂಡ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ನಮ್ಮವರಲ್ಲೇ ಕೆಲವರು 'ಇದು ವಿಗ್ರಹಾರಾಧನೆ' ಎಂದರು. ಹೊರಗಿನ ಕೆಲವರು 'ಇದು ಮತಾಂತರದ ಬಲೆ' ಎಂದರು.

ಉಡುಪಿನ ಬಗ್ಗೆ ಎದ್ದ ಈ ಪ್ರಶ್ನೆ ಚಿತ್ರಕ್ಕೂ ಅನ್ವಯಿಸುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಮಾತೆ ಮರಿಯಮ್ಮನವರಿಗೆ ಇಳಕಲ್ ಸೀರೆ ಉಡಿಸಿ, ಗುಳೇದಗುಡ್ಡದ ಖಣದ ಕುಪ್ಪಸ ತೊಡಿಸಿ, ಬಾಲಯೇಸುವಿಗೆ ಕುಂಚಿಗೆ ಕಟ್ಟಿ ಬರೆಯಬಹುದೇ?

ಇದು ಹೊಸ ಪ್ರಶ್ನೆಯೇನಲ್ಲ. 1902ರಲ್ಲಿ ಗೋವೆಯಲ್ಲಿ ಜನಿಸಿದ ಆಂಜೆಲೊ ದ ಫೊನ್ಸೆಕಾ ಶಾಂತಿನಿಕೇತನದಲ್ಲಿ ಕಲೆಯನ್ನು ಕಲಿತು, ಮರಿಯಮ್ಮನವರನ್ನು ಸೀರೆಯುಟ್ಟ ಕೊಂಕಣದ ತಾಯಿಯಾಗಿ ಚಿತ್ರಿಸಿದರು. ಸ್ವಂತ ಊರಿನ ಕಥೋಲಿಕರೇ ಅವರನ್ನು ಟೀಕಿಸಿದರು. ಅವರು ಪುಣೆಯ ಆಶ್ರಮವೊಂದರಲ್ಲಿ ನೆಲೆಸಿ, 1967ರಲ್ಲಿ ತೀರಿಕೊಳ್ಳುವವರೆಗೂ ಚಿತ್ರ ಬರೆದರು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಯಾವುದೇ ಒಂದು ಕಲಾಶೈಲಿ ಮಾತ್ರ ಧರ್ಮಸಭೆಯದಲ್ಲವೆಂದು ಸಾರಿತು. ಬೆಂಗಳೂರಿನ ಸಿಲ್ವೆಪುರದಲ್ಲಿ ಕಲಾವಿದ ಜ್ಯೋತಿ ಸಾಹಿಯವರು ಇದೇ ಹಾದಿಯಲ್ಲಿ ಮುಂದುವರಿದರು.

ಕರಾವಳಿಯ ನಾವು ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಸಹೋದರ ಮೊಸ್ಕೇನಿಯವರ ಚಿತ್ರಗಳನ್ನು ನೋಡುತ್ತ ಬೆಳೆದವರು. ಅಲ್ಲಿರುವುದು ಇಟಲಿಯ ಮುಖ, ಇಟಲಿಯ ಬಟ್ಟೆ. ಅದು ಸುಂದರ, ನಿಜ. ಆದರೆ ನಜರೇತಿನ ಹೆಣ್ಣುಮಗಳು ಇಟಲಿಯವಳಾಗಿರಲಿಲ್ಲ! ಇಟಲಿಯವರು ತಮ್ಮ ತಾಯಿಯ ರೂಪದಲ್ಲಿ ಆಕೆಯನ್ನು ಕಂಡರು. ನಾವೂ ಮೊಂತಿ ಹಬ್ಬದಲ್ಲಿ ಬಾಲೆ ಮರಿಯಮ್ಮನಿಗೆ ಹೂ ಅರ್ಪಿಸಿ, ಹೊಸ ತೆನೆಯನ್ನು ಮನೆಗೆ ತಂದು ಉಣ್ಣುತ್ತೇವೆ. ಹೊಸ ಬೆಳೆಯ ಸಂಭ್ರಮ ಈ ಮಣ್ಣಿನದು. ಅದರಿಂದ ನಮ್ಮ ವಿಶ್ವಾಸ ಕುಂದಿತೇ?

ಆದರೂ ಎಚ್ಚರಿಕೆ ಬೇಕು. ಮೊದಲನೆಯದಾಗಿ, ಪವಿತ್ರ ಚಿತ್ರವು ಬರಿಯ ಅಲಂಕಾರವಲ್ಲ. ಪ್ರಾಚೀನ ಪೂರ್ವದೇಶದ ಚಿತ್ರಗಳಲ್ಲಿ ಮಾತೆಯ ಕೈ ಮಗುವಿನತ್ತ ತೋರುತ್ತದೆ. ಸೀರೆ ಬದಲಾಗಲಿ, ಆ ಕೈ ಬದಲಾಗಬಾರದು. ಎರಡನೆಯದಾಗಿ, ಇಷ್ಟಲಿಂಗದಂತಹ, ಇನ್ನೊಬ್ಬರ ನಂಬಿಕೆಯ ಜೀವಾಳವಾದ ಕುರುಹುಗಳನ್ನು ನಾವು ಎರವಲು ಪಡೆಯಬಾರದು. ಸವದತ್ತಿಯ ಯಾತ್ರಿಕರು ನೋಡಿ ಎಲ್ಲಮ್ಮನೆಂದು ಭ್ರಮಿಸುವಂತೆ ಬರೆದರೆ ಅದು ಸಂಸ್ಕೃತೀಕರಣವಲ್ಲ, ಮೋಸ. 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲೇ ಮತಾಂತರ ನಿಷೇಧ ಮಸೂದೆ ವಿಧಾನಸಭೆಯ ಒಪ್ಪಿಗೆ ಪಡೆಯಿತು. ಅಂತಹ ನೆಲದಲ್ಲಿ ನಮ್ಮ ಪ್ರಾಮಾಣಿಕತೆ ಪ್ರಶ್ನಾತೀತವಾಗಿರಬೇಕು. ಮೂರನೆಯದಾಗಿ, ಚಿತ್ರ ಹೇಗಿರಬೇಕೆಂಬುದನ್ನು ಅಲ್ಲಿನ ವಿಶ್ವಾಸಿಗಳು, ಮುಖ್ಯವಾಗಿ ತಾಯಂದಿರು ಹೇಳಲಿ. ಗುರುಗಳ ಕಲಾಭಿರುಚಿಯೇ ಕೊನೆಯ ಮಾತಾಗುವುದು ಬೇಡ.

ಆ ಸೀಮೆಯಲ್ಲಿ ಈ ಚಿತ್ರಕ್ಕೆ ಇನ್ನೊಂದು ಅರ್ಥವೂ ಇದೆ. ದೇವದಾಸಿ ಪದ್ಧತಿಯನ್ನು ಕರ್ನಾಟಕ ಸರ್ಕಾರ 1982ರ ಕಾಯಿದೆಯಿಂದ ನಿಷೇಧಿಸಿತು. ಆದರೆ ತಂದೆಯ ಹೆಸರಿಲ್ಲದ ಮಕ್ಕಳನ್ನು ಅವಮಾನ ನುಂಗಿ ಸಾಕಿದ ತಾಯಂದಿರು ಅಲ್ಲಿದ್ದಾರೆ. ಮರಿಯಮ್ಮನವರೂ ಗರ್ಭಿಣಿಯಾದಾಗ ಜೋಸೆಫರು ಗುಟ್ಟಾಗಿ ಬಿಟ್ಟುಬಿಡಲು ಯೋಚಿಸಿದ್ದ ಹೆಣ್ಣುಮಗಳು ಎಂಬುದನ್ನು ಶುಭಸಂದೇಶ ಮುಚ್ಚಿಡುವುದಿಲ್ಲ. ತಮ್ಮಂತೆಯೇ ಸೀರೆಯುಟ್ಟು, ಮಗುವನ್ನು ಎದೆಗವಚಿಕೊಂಡ ಈ ತಾಯಿಯನ್ನು ಕಂಡು ಅವರಲ್ಲಿ ಒಬ್ಬಳಾದರೂ ತಲೆ ಎತ್ತಿ ನಿಂತರೆ ಚಿತ್ರ ಸಾರ್ಥಕ.

ಆದುದರಿಂದ ಪ್ರಿಯರೇ, ಅಂತಹ ಚಿತ್ರವೊಂದು ನಮ್ಮ ಕಣ್ಣಿಗೆ ಬಿದ್ದಾಗ ಮೊದಲು ಸೀರೆಯ ಅಂಚನ್ನು ಅಳೆಯುವುದು ಬೇಡ. ಆ ತಾಯಿ ನಮಗೆ ಯಾರನ್ನು ತೋರಿಸುತ್ತಿದ್ದಾರೆ ಎಂದು ನೋಡೋಣ. ಯೇಸುವನ್ನು ತೋರಿಸುತ್ತಿದ್ದರೆ, ಕೈ ಮುಗಿಯೋಣ.