ಜಾಗ ಒಬ್ಬರದು, ಅಂಗಡಿ ಹಲವರದು

ವರ್ತಕನಿಗೆ ಖಾತೆ ಪುಸ್ತಕ ಎಷ್ಟು ಮುಖ್ಯವೋ ಕಾಲಡಿಯ ನೆಲವೂ ಅಷ್ಟೇ ಮುಖ್ಯ. ಆದರೆ ಸಣ್ಣ ಪಟ್ಟಣಗಳ ಅನೇಕ ವರ್ತಕರಿಗೆ ಆ ನೆಲ ಸ್ವಂತದ್ದಲ್ಲ. ಸುರಪುರ ತಾಲ್ಲೂಕಿನ ಕಕ್ಕೇರಾದಂತಹ ಊರನ್ನು ಗಮನಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಗಳಲ್ಲಿ ಕೃಷ್ಣೆಯ ನೀರು ಹರಿದ ಮೇಲೆ ಈ ಭಾಗದಲ್ಲಿ ಭತ್ತದ ಬೇಸಾಯ ವಿಸ್ತರಿಸಿತು. ನೀರಿನ ಬೆನ್ನಿಗೆ ವ್ಯಾಪಾರವೂ ಬಂದಿತು. ಬೀಜ, ಗೊಬ್ಬರ, ಕೀಟನಾಶಕ, ಪಂಪ್‌ಸೆಟ್ ದುರಸ್ತಿ, ಟ್ರ್ಯಾಕ್ಟರ್ ಬಿಡಿಭಾಗ ಇವೆಲ್ಲಕ್ಕೂ ಮಳಿಗೆಗಳು ಬೇಕಾದವು. ಇಂದು ಕಕ್ಕೇರಾ ಒಂದು ಪುರಸಭೆ.

ಇಂತಹ ಊರುಗಳಲ್ಲಿ ಒಬ್ಬ ವರ್ತಕ ಪುರಸಭೆಯ ಮಳಿಗೆಯಲ್ಲಿರುತ್ತಾನೆ, ಇನ್ನೊಬ್ಬ ಖಾಸಗಿ ಮಾಲೀಕರ ಸಂಕೀರ್ಣದಲ್ಲಿ, ಮತ್ತೊಬ್ಬ ಎಪಿಎಂಸಿ ಪ್ರಾಂಗಣದ ಗುತ್ತಿಗೆ ನಿವೇಶನದಲ್ಲಿ. ಸಣ್ಣ ಕೈಗಾರಿಕೆಯವನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಗುತ್ತಿಗೆ ಸಹಿತ ಮಾರಾಟದ ಕರಾರಿನ ಮೇಲೆ ನಿವೇಶನ ಪಡೆದಿರುತ್ತಾನೆ. ಸೋಮನಾಥ ಜಾತ್ರೆಗೆ ಬರುವ ಬಳೆ, ಮಿಠಾಯಿ, ಆಟಿಕೆ ಅಂಗಡಿಯವನದು ಕೆಲವೇ ದಿನಗಳ ಒಕ್ಕಲು. ಇವರೆಲ್ಲರ ಸ್ಥಿತಿಯಲ್ಲಿ ಒಂದು ಸಾಮ್ಯವಿದೆ. ಸರಕು ಅವರದು, ಶಟರು, ರ‍್ಯಾಕು, ಯಂತ್ರ ಅವರದು, ಗಿರಾಕಿಯ ವಿಶ್ವಾಸವೂ ಅವರದೇ. ನೆಲ ಮಾತ್ರ ಇನ್ನೊಬ್ಬರದು. ಬಾಡಿಗೆ ಏರಿದಾಗ, ಕರಾರು ಮುಗಿದಾಗ, ನೀರು ದೀಪ ನಿಂತಾಗ ಹೂಡಿಕೆಯ ಪೂರ್ಣ ಭಾರ ವರ್ತಕನ ತಲೆಯ ಮೇಲೆ ಬೀಳುತ್ತದೆ, ತೀರ್ಮಾನದ ಅಧಿಕಾರ ಮಾತ್ರ ನೆಲದ ಒಡೆಯನ ಕೈಯಲ್ಲಿ ಉಳಿಯುತ್ತದೆ.

ಇಂತಹ ಕಡೆ ಸಂಘ ಅನಿವಾರ್ಯ. ಆದರೆ ನಮ್ಮಲ್ಲಿ ಸಂಘಗಳು ಹುಟ್ಟುವುದು ಸಾಮಾನ್ಯವಾಗಿ ಸಿಟ್ಟಿನ ದಿನ. ತೆರವಿನ ನೋಟಿಸು ಬಂದ ಸಂಜೆ ಎಲ್ಲರೂ ಸೇರುತ್ತಾರೆ, ಅಧ್ಯಕ್ಷರ ಆಯ್ಕೆಯಾಗುತ್ತದೆ, ಮನವಿ ಪತ್ರಕ್ಕೆ ಸಹಿ ಬೀಳುತ್ತದೆ, ಸ್ಥಳದಲ್ಲೇ ಪಟ್ಟಿ ಎತ್ತಲಾಗುತ್ತದೆ. ತಡೆಯಾಜ್ಞೆ ಸಿಕ್ಕರೆ ಸಂಘ ಮಲಗುತ್ತದೆ, ಸಿಗದಿದ್ದರೆ ಒಡೆಯುತ್ತದೆ. ಎತ್ತಿದ ಹಣದ ಲೆಕ್ಕ ಕೇಳುವವನು ಮುಂದಿನ ಸಲ ಪಟ್ಟಿಗೆ ಕೈ ಹಾಕುವುದಿಲ್ಲ. ಜಗಳದಿಂದ ಹುಟ್ಟಿದ ಸಂಘ ಜಗಳದೊಂದಿಗೇ ಸಾಯುತ್ತದೆ. ಲೆಕ್ಕದಿಂದ ಹುಟ್ಟಿದ ಸಂಘ ಮಾತ್ರ ಬಾಳುತ್ತದೆ. ಆದುದರಿಂದ ತಕರಾರು ಇಲ್ಲದ ವರ್ಷವೇ ಸಂಘ ಕಟ್ಟಲು ಸಕಾಲ.

ಈ ವಿಚಾರ ಕನ್ನಡ ನಾಡಿಗೆ ಹೊಸದೇನಲ್ಲ. ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರು ಮಧ್ಯಯುಗದ ದಕ್ಷಿಣ ಭಾರತದುದ್ದಕ್ಕೂ ವ್ಯಾಪಾರ ಮಾಡಿದ ವರ್ತಕ ಸಂಘ. ಅವರ ಶಾಸನಗಳು ಬಣಂಜು ಧರ್ಮದ ಪಾಲನೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ತಮ್ಮ ಸರಕಿನ ಮೇಲೆ ತಾವೇ ವಂತಿಗೆ ಹಾಕಿಕೊಂಡು ದೇವಾಲಯಗಳಿಗೆ ಕೊಟ್ಟ ದಾಖಲೆಗಳೂ ಇವೆ. ನಿಯಮಕ್ಕೆ ತಾವಾಗಿ ಒಳಪಟ್ಟು ತಾವಾಗಿ ವಂತಿಗೆ ತೆತ್ತ ಸಂಘವಾದ್ದರಿಂದಲೇ ಅದರ ಮಾತಿಗೆ ಅರಸರ ಆಸ್ಥಾನಗಳಲ್ಲೂ ಬೆಲೆಯಿತ್ತು.

ಹೊರದೇಶದ ಒಂದು ಉದಾಹರಣೆಯೂ ಬೋಧಪ್ರದವಾಗಿದೆ. ಇಂಗ್ಲೆಂಡಿನಲ್ಲಿ ಕ್ಯಾರವಾನ್ ಪಾರ್ಕುಗಳೆಂಬ ವ್ಯವಸ್ಥೆ ಇದೆ. ಗಾಲಿಗಳ ಮೇಲಿನ ಮನೆಯನ್ನು ಕುಟುಂಬವೊಂದು ಕೊಳ್ಳುತ್ತದೆ, ಅದು ನಿಲ್ಲುವ ಜಾಗಕ್ಕೆ ಪಾರ್ಕಿನ ಒಡೆಯನಿಗೆ ಶುಲ್ಕ ಕೊಡುತ್ತದೆ. ಕೇರಳ ಸರ್ಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ಪ್ರಕಟಿಸಿದ ಮೇಲೆ ಈ ಪದ ನಮ್ಮಲ್ಲೂ ಪರಿಚಿತವಾಗಿದೆ. ಅಲ್ಲಿನ ಸಮಸ್ಯೆಯೂ ನಮ್ಮ ಮಳಿಗೆಯ ಸಮಸ್ಯೆಯೂ ಒಂದೇ: ಮನೆ ನನ್ನದು, ನೆಲ ನಿನ್ನದು. ಖಾಯಂ ವಾಸದ ಪಾರ್ಕುಗಳಿಗಾಗಿ ಇಂಗ್ಲೆಂಡಿನ 1983ರ ಕಾಯ್ದೆ ಹಾಗೂ ಅದರ ನಂತರದ ತಿದ್ದುಪಡಿಗಳು ನಿವಾಸಿಗಳ ಸಂಘಕ್ಕೆ ಸ್ಪಷ್ಟ ಅರ್ಹತೆಗಳನ್ನು ಗೊತ್ತುಪಡಿಸಿವೆ. ಕನಿಷ್ಠ ಅರ್ಧದಷ್ಟು ನಿವಾಸಿಗಳು ಸದಸ್ಯರಾಗಿರಬೇಕು. ನೆಲದ ಒಡೆಯನಿಗಾಗಲಿ, ಅವನ ಏಜೆಂಟು ನೌಕರರಿಗಾಗಲಿ ಸದಸ್ಯತ್ವವಿಲ್ಲ. ಒಂದು ಮನೆಗೆ ಒಂದೇ ಮತ. ಸದಸ್ಯರ ಪಟ್ಟಿ ಸಿದ್ಧವಿರಬೇಕು, ನಿಯಮಾವಳಿ ಯಾರು ಬೇಕಾದರೂ ನೋಡುವಂತಿರಬೇಕು, ಪದಾಧಿಕಾರಿಗಳು ಚುನಾಯಿತರಾಗಿರಬೇಕು. ಇಷ್ಟಿದ್ದರೆ ಒಡೆಯನು ಪಾರ್ಕಿನ ನಿರ್ವಹಣೆಯ ವಿಷಯಗಳಲ್ಲಿ ಸಂಘದೊಂದಿಗೆ ಸಮಾಲೋಚಿಸಲೇಬೇಕು. ರಜೆಗೆಂದು ಮಾತ್ರ ಬಳಸುವ ಪಾರ್ಕುಗಳಿಗೆ ಈ ರಕ್ಷಣೆ ಇಲ್ಲ. ಅಲ್ಲಿನ ಮಾಲೀಕರಿಗೆ ಕರಾರು ಪತ್ರ ಹಾಗೂ ಒಗ್ಗಟ್ಟು ಇವೆರಡೇ ಆಸರೆ.

ನಮ್ಮ ದೇಶದ ಕಾನೂನು ಕೂಡ ಸಂಘವನ್ನು ಕೆಲವೆಡೆ ಕೈಹಿಡಿದು ಕರೆದಿದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸ್ಥಾನಗಳು ವ್ಯಾಪಾರಿಗಳ ಪ್ರತಿನಿಧಿಗಳಿಗೆ ಮೀಸಲು, ಅದರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿಗೆ. ಸ್ಥಳಾಂತರಕ್ಕೆ ಮುನ್ನ 30 ದಿನಗಳ ನೋಟಿಸು ಕಡ್ಡಾಯ. 2016ರ ರಿಯಲ್ ಎಸ್ಟೇಟ್ ಕಾಯ್ದೆಯು ನಿವೇಶನ ಕೊಂಡವರ ಸಂಘ ರಚನೆಯನ್ನು ಸಾಧ್ಯವಾಗಿಸುವ ಹೊಣೆಯನ್ನು ಪ್ರವರ್ತಕನಿಗೆ ವಹಿಸಿ, ಸಂಘದಲ್ಲಿ ಪಾಲ್ಗೊಳ್ಳುವುದನ್ನು ಕೊಂಡವರ ಕರ್ತವ್ಯವೆಂದೂ ವಿಧಿಸಿದೆ. ತಳ್ಳುಗಾಡಿಯವನಿಗೂ ನಿವೇಶನ ಕೊಂಡವನಿಗೂ ಹೀಗೆ ಹಾದಿ ಇದೆ. ಬಾಡಿಗೆ ಮಳಿಗೆಯ ವರ್ತಕ ಮಾತ್ರ ತನ್ನ ಹಾದಿಯನ್ನು ತಾನೇ ಮಾಡಿಕೊಳ್ಳಬೇಕಾಗಿದೆ.

ಸಂಘದ ಖರ್ಚು ವೆಚ್ಚವನ್ನು ಒಂದು ಕಲ್ಪಿತ ಉದಾಹರಣೆಯಿಂದ ತೂಗಿ ನೋಡಬಹುದು. ಒಂದು ಸಂಕೀರ್ಣದಲ್ಲಿ 40 ಮಳಿಗೆಗಳಿವೆ ಎಂದುಕೊಳ್ಳೋಣ. ತಿಂಗಳಿಗೆ ತಲಾ 100 ರೂಪಾಯಿ ವಂತಿಗೆಯಾದರೆ ವರ್ಷಕ್ಕೆ 48,000 ರೂಪಾಯಿ ಕೂಡುತ್ತದೆ. ಅದೇ ಸಂಕೀರ್ಣದಲ್ಲಿ ಮಳಿಗೆಯೊಂದಕ್ಕೆ ತಿಂಗಳಿಗೆ 500 ರೂಪಾಯಿ ಬಾಡಿಗೆ ಹೆಚ್ಚಿದರೆ ವರ್ಷದ ಹೊರೆ 2,40,000 ರೂಪಾಯಿ. ಏರಿಕೆಯ ಕಾಲುಭಾಗವನ್ನು ಮಾತುಕತೆಯಿಂದ ತಗ್ಗಿಸಿದರೂ 60,000 ರೂಪಾಯಿ ಉಳಿದು, ವಂತಿಗೆ ಮರಳಿ ಬಂದಂತಾಯಿತು. ರಾತ್ರಿ ಕಾವಲುಗಾರ, ಸಾಮಾನ್ಯ ದೀಪ, ಶೌಚಾಲಯ, ಕುಡಿಯುವ ನೀರು ಇವುಗಳ ಅನುಕೂಲ ಬೇರೆ.

ಈ ಅನುಕೂಲಗಳನ್ನು ಅಲ್ಪವೆಂದು ಭಾವಿಸಬಾರದು. ಬಾಡಿಗೆಯ ಮಾತುಕತೆ ಹಲವು ವರ್ಷಗಳಿಗೊಮ್ಮೆ ಬರುತ್ತದೆ, ಕಾವಲುಗಾರನ ಸಂಬಳ ಪ್ರತಿ ತಿಂಗಳೂ ಬರುತ್ತದೆ. ಪ್ರತಿ ತಿಂಗಳ ಕೆಲಸವಿರುವ ಸಂಘಕ್ಕೆ ಪ್ರತಿ ತಿಂಗಳೂ ವಂತಿಗೆ ಸಲ್ಲುತ್ತದೆ, ಸದಸ್ಯರ ನಡುವೆ ಮಾತು ಉಳಿಯುತ್ತದೆ.

ನೋಂದಣಿಗೆ ಎರಡು ಮಾರ್ಗಗಳು ಪ್ರಚಲಿತವಾಗಿವೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಜನ ವಯಸ್ಕರು ಸೇರಿ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಸಂಘದ ಉದ್ದೇಶಗಳನ್ನು ಕಾಯ್ದೆ ಪಟ್ಟಿಮಾಡಿದ ವರ್ಗಗಳಿಗೆ ಹೊಂದುವಂತೆ ಎಚ್ಚರದಿಂದ ಬರೆಯಬೇಕು. 2013ರ ಕಂಪನಿ ಕಾಯ್ದೆಯ 8ನೆಯ ಕಲಮಿನಡಿ ಲಾಭ ಹಂಚದ ಕಂಪನಿಯನ್ನೂ ಸ್ಥಾಪಿಸಬಹುದು. ವಾಣಿಜ್ಯದ ಅಭಿವೃದ್ಧಿಯೂ ಆ ಕಲಮಿನ ಉದ್ದೇಶಗಳಲ್ಲಿ ಒಂದು. ಆದರೆ ಅದರ ವಾರ್ಷಿಕ ವಿಧಿವಿಧಾನಗಳ ಹೊರೆ ಹೆಚ್ಚು. ಒಂದೇ ಸಂಕೀರ್ಣದ ವರ್ತಕರಿಗೆ ಮೊದಲನೆಯ ಮಾರ್ಗ ಸಾಕು.

ನೋಂದಣಿಗಿಂತ ಬೈಲಾ ಮುಖ್ಯ. ಅದರಲ್ಲಿ ಈ ಅಂಶಗಳು ಇರಲೇಬೇಕು.

1. ಒಂದು ಮಳಿಗೆಗೆ ಒಂದು ಮತ. ಒಬ್ಬರ ಹೆಸರಿನಲ್ಲಿ ಹಲವು ಮಳಿಗೆಗಳಿದ್ದರೂ ಮತ ಒಂದೇ. ವಂತಿಗೆಯನ್ನು ಮಾತ್ರ ಅರ್ಧ ಸಮನಾಗಿ, ಅರ್ಧ ಚದರ ಅಡಿಯ ಲೆಕ್ಕದಲ್ಲಿ ಹಂಚುವುದು ನ್ಯಾಯ.

2. ನೆಲದ ಒಡೆಯ, ಅವರ ಪ್ರತಿನಿಧಿ, ಅಧಿಕಾರದಲ್ಲಿರುವ ಪುರಸಭೆ ಸದಸ್ಯರು ಪದಾಧಿಕಾರಿಗಳಾಗಕೂಡದು. ಎದುರು ಕುಳಿತು ಮಾತನಾಡಬೇಕಾದವರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಮಾತುಕತೆಗೆ ಅರ್ಥವಿರದು.

3. ಹಣವೆಲ್ಲ ಸಂಘದ ಹೆಸರಿನ ಬ್ಯಾಂಕ್ ಖಾತೆಗೆ ಜಮೆಯಾಗಬೇಕು, ಇಬ್ಬರ ಸಹಿಯಿಂದ ಮಾತ್ರ ಹೊರಬರಬೇಕು. ಪ್ರತಿ ರೂಪಾಯಿಗೂ ರಸೀದಿ ಇರಬೇಕು. ತಿಂಗಳ ಜಮಾಖರ್ಚನ್ನು ಸಂಕೀರ್ಣದ ಗೋಡೆಗೆ ಅಂಟಿಸಬೇಕು.

4. ಎರಡು ವರ್ಷಗಳಿಗೊಮ್ಮೆ ಚುನಾವಣೆ. ಖಜಾಂಚಿಗೆ ಸತತ ಎರಡು ಅವಧಿಗಿಂತ ಹೆಚ್ಚು ಬೇಡ.

5. ಮೂರು ತಿಂಗಳ ವಂತಿಗೆ ಬಾಕಿ ಇಟ್ಟವರಿಗೆ ಮತವಿಲ್ಲ.

ಇನ್ನೊಂದು ಸೂಕ್ಷ್ಮ ವಿಷಯವಿದೆ. ಮಳಿಗೆ ಒಬ್ಬರ ಹೆಸರಿನಲ್ಲಿದ್ದು, ಶಟರು ಎತ್ತಿ ವ್ಯಾಪಾರ ಮಾಡುವವರು ಬೇರೊಬ್ಬರಾಗಿರುವುದು ಅಪರೂಪವಲ್ಲ. ಒಳಬಾಡಿಗೆ ಎಂದು ಕರೆಯುವ ಈ ಪದ್ಧತಿಯ ಬಗ್ಗೆ ಸಂಘ ಕಣ್ಣುಮುಚ್ಚಿ ಕೂರುವಂತಿಲ್ಲ. ಸಂಘದ ಸದಸ್ಯರ ಪಟ್ಟಿಗೂ ಪುರಸಭೆಯ ದಾಖಲೆಗೂ ತಾಳೆಯಾಗದಿದ್ದರೆ ಮೊದಲ ವಿಚಾರಣೆಯಲ್ಲೇ ಸಂಘದ ಮಾತು ಬಿದ್ದುಹೋಗುತ್ತದೆ. ದಾಖಲೆಯಲ್ಲಿರುವವರಿಗೆ ಮತ, ವ್ಯಾಪಾರ ನಡೆಸುವವರಿಗೆ ಸಹಸದಸ್ಯತ್ವ ಹಾಗೂ ಸಭೆಯಲ್ಲಿ ಮಾತನಾಡುವ ಹಕ್ಕು, ಇದು ಸದ್ಯಕ್ಕೆ ತೋರುವ ಸಮಂಜಸ ದಾರಿ. ಕರಾರಿಗೆ ವಿರುದ್ಧವಾದ ಒಳಬಾಡಿಗೆಯನ್ನು ರಕ್ಷಿಸುವ ಹೊಣೆಯನ್ನು ಸಂಘ ಹೊತ್ತರೆ, ಸರಿಯಾಗಿ ನಡೆದುಕೊಂಡವರ ಹಿತವೂ ಅದರೊಡನೆ ಮುಳುಗುತ್ತದೆ.

ತೆರಿಗೆಯ ಮಾತನ್ನೂ ಮರೆಯಬಾರದು. ಸಂಘಕ್ಕೆ ಪ್ರತ್ಯೇಕ ಪ್ಯಾನ್ ಸಂಖ್ಯೆ ಬೇಕು. ವ್ಯಾಪಾರಿ ಸಂಘವು ಸದಸ್ಯರಿಗೆ ನಿರ್ದಿಷ್ಟ ಸೇವೆ ಸಲ್ಲಿಸಿ ಪಡೆಯುವ ಆದಾಯವನ್ನು 1961ರ ಆದಾಯ ತೆರಿಗೆ ಕಾಯ್ದೆಯ 28ನೆಯ ಕಲಂ ವ್ಯಾಪಾರದ ಆದಾಯವೆಂದೇ ಪರಿಗಣಿಸಿತ್ತು. ಅದರ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಬಂದ 2025ರ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾದರೂ ತತ್ತ್ವ ಅದೇ. ಜಿಎಸ್‌ಟಿ ವಿಷಯದಲ್ಲಿ, ಸಂಘ ಹಾಗೂ ಸದಸ್ಯರು ಬೇರೆ ಬೇರೆ ವ್ಯಕ್ತಿಗಳೆಂದು ಪರಿಗಣಿಸುವ ತಿದ್ದುಪಡಿಯನ್ನು 2021ರಲ್ಲಿ ತರಲಾಯಿತು. 2019ರಲ್ಲಿ ಕಲ್ಕತ್ತಾ ಕ್ಲಬ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದ ಪರಸ್ಪರತೆಯ ತತ್ತ್ವವನ್ನು ಮೀರಲೆಂದು ಬಂದ ಈ ತಿದ್ದುಪಡಿ ನ್ಯಾಯಾಲಯಗಳಲ್ಲಿ ಪ್ರಶ್ನೆಗೂ ಒಳಗಾಗಿದೆ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿಯೊಳಗಿರುವ ಸಣ್ಣ ಸಂಘಗಳಿಗೆ ಸಾಮಾನ್ಯವಾಗಿ ನೋಂದಣಿಯ ಚಿಂತೆ ಇಲ್ಲ. ಆದರೆ ಲೆಕ್ಕ ಇಟ್ಟವರು ಮಾತ್ರ ಆ ಮಿತಿಯೊಳಗಿದ್ದೇವೆಂದು ತೋರಿಸಬಲ್ಲರು.

ಸಂಘ ಮಾಡಬಾರದ ಕೆಲಸವೂ ಒಂದಿದೆ. ಗುತ್ತಿಗೆ ಅವಧಿ ಮುಗಿದು ಮರುಹರಾಜು ಬಂದಾಗ, ಯಾರೂ ಬಿಡ್ ಕೂಗಬಾರದೆಂದು ಒಳಗೊಳಗೇ ಒಪ್ಪಂದ ಮಾಡಿಕೊಳ್ಳುವ ಸಲಹೆ ಕೇಳಿಬರುತ್ತದೆ. ಸರಕಿನ ಬೆಲೆಯನ್ನು ಎಲ್ಲರೂ ಸೇರಿ ನಿಗದಿ ಮಾಡೋಣ ಎನ್ನುವವರೂ ಇದ್ದಾರೆ. 2002ರ ಸ್ಪರ್ಧಾ ಕಾಯ್ದೆಯ 3ನೆಯ ಕಲಂ ಇವೆರಡನ್ನೂ ನಿಷೇಧಿಸುತ್ತದೆ. ಔಷಧ ವ್ಯಾಪಾರಿಗಳ ಸಂಘಗಳ ಮೇಲೆ ಸ್ಪರ್ಧಾ ಆಯೋಗ ದಂಡ ವಿಧಿಸಿದ ನಿದರ್ಶನಗಳಿವೆ. ಹರಾಜಿನ ಷರತ್ತುಗಳನ್ನು ಮೊದಲೇ ಪ್ರಕಟಿಸುವಂತೆ, ಹಾಲಿ ವರ್ತಕರ ಠೇವಣಿ ಹಾಗೂ ಅವರು ಮಾಡಿಸಿದ ಕಾಮಗಾರಿಯ ಇತ್ಯರ್ಥಕ್ಕೆ ನಿಯಮ ರೂಪಿಸುವಂತೆ ಲಿಖಿತವಾಗಿ ಕೇಳುವುದು ಸಂಘದ ಹಕ್ಕು. ಮಳಿಗೆಗಳಿಂದ ಬಂದ ಬಾಡಿಗೆ ಎಷ್ಟು, ಅವುಗಳ ದುರಸ್ತಿಗೆ ವೆಚ್ಚವಾದದ್ದೆಷ್ಟು ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಪದಾಧಿಕಾರಿಯೊಬ್ಬರು ಪುರಸಭೆಯನ್ನು ಕೇಳಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ. ಆ ಎರಡು ಅಂಕಿಗಳು ಕೈಯಲ್ಲಿದ್ದರೆ ಮಾತುಕತೆಯ ಧಾಟಿಯೇ ಬೇರೆಯಾಗುತ್ತದೆ.

ಸಂಘ ಕಟ್ಟಿದರೆ ಮಾಲೀಕರ ವೈರ ಕಟ್ಟಿಕೊಂಡಂತೆ ಎಂಬ ಅಂಜಿಕೆ ಅನೇಕರಲ್ಲಿದೆ. ಈ ಅಂಜಿಕೆಯನ್ನು ಹೋಗಲಾಡಿಸುವುದು ಸಂಘದ ನಡವಳಿಕೆಯೇ. ಸದಸ್ಯರೆಲ್ಲರ ಬಾಡಿಗೆ ಬಾಕಿ ತೀರುವಂತೆ ನೋಡಿಕೊಳ್ಳುವುದು ಸಂಘದ ಮೊದಲ ಠರಾವು ಆಗಬೇಕು, ಏಕೆಂದರೆ ಬಾಕಿದಾರನ ಮನವಿಗೆ ಬೆಲೆಯಿಲ್ಲ. ಬಾಡಿಗೆ ಸಕಾಲದಲ್ಲಿ ಬರುವುದು, ಆವರಣ ಸ್ವಚ್ಛವಾಗಿರುವುದು, 40 ಜನರ ಬದಲು ಒಬ್ಬ ಕಾರ್ಯದರ್ಶಿಯೊಡನೆ ವ್ಯವಹರಿಸುವುದು ಖಾಸಗಿ ಮಾಲೀಕರಿಗೂ ಪುರಸಭೆಗೂ ಲಾಭವೇ. ಜವಾಬ್ದಾರಿಯುತ ಸಂಘವನ್ನು ದ್ವೇಷಿಸುವ ಒಡೆಯರು ಇರಲಾರರೆಂದಲ್ಲ. ಆದರೆ ಅಂತಹವರ ಎದುರು ಒಂಟಿಯಾಗಿ ನಿಲ್ಲುವುದಕ್ಕಿಂತ ಸಂಘವಾಗಿ ನಿಲ್ಲುವುದೇ ಲೇಸು.

ಈ ಕಾರ್ಯದಲ್ಲಿ ವಾಣಿಜ್ಯ ಮಂಡಳಿಗಳ ಪಾತ್ರವೂ ಇದೆ. ಜಿಲ್ಲಾ ಕೇಂದ್ರದ ದೊಡ್ಡ ವರ್ತಕರಿಗೆ ವಕೀಲರು, ಲೆಕ್ಕಪರಿಶೋಧಕರು ಸುಲಭವಾಗಿ ಸಿಗುತ್ತಾರೆ. ಕಕ್ಕೇರಾದ ಗೊಬ್ಬರದ ಅಂಗಡಿಯವನಿಗೆ ಸಿಗುವುದಿಲ್ಲ. ಕನ್ನಡದಲ್ಲಿ ಒಂದು ಮಾದರಿ ಬೈಲಾ, ಒಂದು ಮಾದರಿ ಜಮಾಖರ್ಚು ಪುಸ್ತಕ, ಒಂದು ಮಾದರಿ ಬಾಡಿಗೆ ಕರಾರು ಇವಿಷ್ಟನ್ನು ಸಿದ್ಧಪಡಿಸಿ ತಾಲ್ಲೂಕು, ಹೋಬಳಿಗಳಿಗೆ ತಲುಪಿಸಿದರೆ ಮಂಡಳಿಗೆ ಹೆಚ್ಚಿನ ವೆಚ್ಚವಾಗದು. ಇದಕ್ಕಾಗಿ ಮುಂದಿನ ನೋಟಿಸು ಬರುವವರೆಗೆ ಕಾಯುವ ಅಗತ್ಯವಿಲ್ಲ. ಒಂದು ಸಂಕೀರ್ಣದ ಏಳು ಜನ ವರ್ತಕರು ಈ ತಿಂಗಳು ಕುಳಿತು ಒಂದು ನಡಾವಳಿ ಪುಸ್ತಕ, ಒಂದು ರಸೀದಿ ಪುಸ್ತಕ ತರಲಿ. ಭಾಷಣಕಾರರನ್ನು ಆಮೇಲೆ ಕರೆದರಾಯಿತು.