ಎರಡನೆಯ ವರ್ಷದ ಬಾಗಿಲು

ಪ್ರೌಢಶಾಲೆಯಲ್ಲಿರುವಾಗಲೇ ಕಾಲೇಜಿನ ಪಾಠ ಓದಿ, ಅದನ್ನು ಮುಂದೆ ವಿಶ್ವವಿದ್ಯಾನಿಲಯದ ಲೆಕ್ಕಕ್ಕೆ ಜಮೆ ಮಾಡಿಸಿಕೊಳ್ಳುವ ಪದ್ಧತಿ ಅಮೆರಿಕದಲ್ಲಿ 1950ರ ದಶಕದಿಂದ ಬೆಳೆದುಬಂದಿದೆ. ಹೀಗೆ ಓದಿದವರಲ್ಲಿ ಪದವಿ ಮುಗಿಸುವವರು ಹೆಚ್ಚೆಂದು ಅಲ್ಲಿನ ಅಂಕಿ ಅಂಶಗಳು ಹೇಳುತ್ತವೆ. ಆದರೆ ಮೊದಲೇ ಜಾಣರೂ ಅನುಕೂಲವಂತರೂ ಆದ ಮಕ್ಕಳು ಆ ಪಾಠಗಳನ್ನು ಹೆಚ್ಚಾಗಿ ಆಯ್ದುಕೊಳ್ಳುವುದರಿಂದ, ಫಲ ಬೀಜದ್ದೋ ಹೊಲದ್ದೋ ಎಂಬ ಸಂದೇಹ ಸಹಜ. ಚೀಟಿಯೆತ್ತಿ ಪ್ರವೇಶ ಕೊಟ್ಟ ಕೆಲವು ಶಾಲೆಗಳ ಅಧ್ಯಯನವು ಹೊಲದ ಗುಣವೂ ದಿಟವೆಂದು ತೋರಿಸಿದೆ.

ಭಾರತದಲ್ಲಿ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆಯ ಓದಿಗೂ ವರ್ಷಕ್ಕೆ 1200 ಗಂಟೆ, 40 ಕ್ರೆಡಿಟ್ ಎಂಬ ಲೆಕ್ಕವನ್ನು ಮುಂದಿಟ್ಟಿತು. ಹೆಸರು ಹೊಸದು, ಆದರೆ ಇದರ ಹತ್ತಿರದ ನಂಟು ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಗೆ ಅಪರಿಚಿತವಲ್ಲ. ಹತ್ತನೆಯ ತರಗತಿ ಮುಗಿಸಿ ಪಾಲಿಟೆಕ್ನಿಕ್ ಸೇರಿದವರು, ಮೂರು ವರ್ಷದ ಡಿಪ್ಲೊಮಾ ಬಳಿಕ ಡಿಸಿಇಟಿ ಬರೆದು, ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಕಾಲಿಡಬಹುದು.

ಇದನ್ನು ಒಳದಾರಿ ಎನ್ನುವವರಿದ್ದಾರೆ. ಎಣಿಸಿ ನೋಡಿದರೆ ಹಾಗಲ್ಲ. ಪಿಯುಸಿ ಎರಡು, ಎಂಜಿನಿಯರಿಂಗ್ ನಾಲ್ಕು ಸೇರಿ ಆರು ವರ್ಷ. ಡಿಪ್ಲೊಮಾ ಮೂರು, ಮುಂದಿನ ಓದು ಮೂರು ಸೇರಿದರೂ ಆರೇ. ಉಳಿಯುವುದು ಕಾಲವಲ್ಲ, ಕಡಿಮೆಯಾಗುವುದು ಅಪಾಯ. ಪಿಯುಸಿ ವಿಜ್ಞಾನ ಓದಿ ಸಿಇಟಿಯಲ್ಲಿ ಹಿಂದೆ ಬಿದ್ದ ಹುಡುಗನ ಕೈಯಲ್ಲಿ ಕಸುಬಿನ ಪತ್ರವಿರುವುದಿಲ್ಲ. ಡಿಪ್ಲೊಮಾ ಮುಗಿಸಿದವಳ ಕೈಯಲ್ಲಿ ಉದ್ಯೋಗ ಕೇಳಬಲ್ಲ ಪತ್ರವಿರುತ್ತದೆ. ಮಳೆ ನಂಬಿ ಬದುಕುವ, ಮೂರು ಕಡೆ ಆಂಧ್ರದ ಗಡಿ ಸುತ್ತಿದ ಪಾವಗಡದಂಥ ತಾಲ್ಲೂಕಿನ ಸಂಸಾರಕ್ಕೆ ಈ ಮಧ್ಯದ ತಂಗುದಾಣ ಸಣ್ಣದಲ್ಲ.

ಆದರೆ ಬಾಗಿಲು ದಾಟಿದ ಮಾತ್ರಕ್ಕೆ ಮನೆ ತನ್ನದಾಗುವುದಿಲ್ಲ. ಡಿಪ್ಲೊಮಾದಲ್ಲಿ ಕೈಕೆಲಸಕ್ಕಿರುವಷ್ಟು ಅವಕಾಶ ಗಣಿತಕ್ಕಿಲ್ಲ. ಇದನ್ನರಿತೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ತನ್ನ ಹಲವು ಪಠ್ಯಕ್ರಮಗಳಲ್ಲಿ, ಹೀಗೆ ಬಂದವರು ‘ಹೆಚ್ಚುವರಿ ಗಣಿತ’ದಲ್ಲಿ ತೇರ್ಗಡೆಯಾಗಲೇಬೇಕೆಂದು ವಿಧಿಸಿತು. ಇದರ ಅರ್ಥ ಸ್ಪಷ್ಟ: ಜಮೆಯಾದ ವರ್ಷ ಬೇರೆ, ಜೀರ್ಣವಾದ ವಿದ್ಯೆ ಬೇರೆ. ಹೊಸ ವಿಷಯಗಳ ಭಾರದ ಜೊತೆಗೆ ಹಳೆಯ ಕೊರತೆಯನ್ನೂ ತುಂಬಬೇಕಾದ ವಿದ್ಯಾರ್ಥಿ ಸೋತರೆ ಅದನ್ನು ಅವನ ದಡ್ಡತನವೆನ್ನುವುದು ನ್ಯಾಯವಲ್ಲ. ಸೇತುವೆ ಕಟ್ಟದೆ ಹೊಳೆ ದಾಟಿಸಹೊರಟ ವ್ಯವಸ್ಥೆಯದೇ ಹೊಣೆ.

ಆದುದರಿಂದ ಕ್ರೆಡಿಟ್ಟಿನ ಖಾತೆ ತೆರೆಯುವ ಮುನ್ನ ಆಗಬೇಕಾದ ಎರಡು ಕೆಲಸಗಳಿವೆ. ಹತ್ತನೆಯ ತರಗತಿಯಲ್ಲೇ ಎರಡು ದಾರಿಗಳ ಲಾಭನಷ್ಟವನ್ನು ತಾಯ್ತಂದೆಯರಿಗೆ ತಿಳಿಗನ್ನಡದಲ್ಲಿ ವಿವರಿಸಬೇಕು. ಡಿಪ್ಲೊಮಾದ ಕೊನೆಯ ವರ್ಷದಲ್ಲೇ, ಪದವಿಗೆ ಹೋಗಬಯಸುವವರಿಗೆ ಗಣಿತವನ್ನೂ ಇಂಗ್ಲಿಷನ್ನೂ ತಾಲ್ಲೂಕು ಕೇಂದ್ರದಲ್ಲಿಯೇ ಕಲಿಸಬೇಕು. ಸಂಜೆಯ ಬಸ್ಸು ತಪ್ಪಿದರೆ ಹೆಣ್ಣುಮಕ್ಕಳ ಓದೇ ತಪ್ಪೀತು. ಮುಂಚಿತವಾಗಿ ಓದಿಸುವುದರ ಬೆಲೆ ಎಷ್ಟು ಕ್ರೆಡಿಟ್ ಬಂತೆಂಬುದರಲ್ಲಿಲ್ಲ; ಎರಡನೆಯ ವರ್ಷದ ಬೆಂಚಿನಲ್ಲಿ ಕುಳಿತ ಹಳ್ಳಿಯ ಮಗು, ಕರಿಹಲಗೆಯ ಮೇಲಿನ ಸಮೀಕರಣವನ್ನು ಕಂಡು ತಲೆ ತಗ್ಗಿಸದಿರುವುದರಲ್ಲಿದೆ.