ಮೂರು ಗೆಣ್ಣಿನ ಪಾದ

ಕಬ್ಬಿನ ಸೀಮೆಯ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಬೋಧಿಸುತ್ತಿದ್ದ ದಿನಗಳವು. 1994ರ ಸುಮಾರಿಗೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ, ಅವನ ತಂದೆ ಗದ್ದೆಗೆಂದು ತಂದಿದ್ದ ಟ್ರೈಕೋ ಕಾರ್ಡಿನ ತುಣುಕೊಂದನ್ನು ಶಾಲೆಗೆ ತಂದ. ಅದರ ಮೇಲೆ ಅಂಟಿಸಿದ್ದ ಅಕ್ಕಿಪತಂಗದ ಮೊಟ್ಟೆಗಳೆಲ್ಲ ಕಪ್ಪಾಗಿದ್ದವು; ಒಳಗೆ ಟ್ರೈಕೋಗ್ರಾಮ ಎಂಬ ಕಣಜ ಬೆಳೆಯುತ್ತಿತ್ತು. ಕಬ್ಬು ಕೊರೆಯುವ ಹುಳುವಿನ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಟ್ಟು, ಹುಳು ಹುಟ್ಟುವ ಮೊದಲೇ ಅದನ್ನು ಮುಗಿಸುವ ಪರತಂತ್ರ ಜೀವಿ ಇದು. ಗಾತ್ರ ಅರ್ಧ ಮಿಲಿಮೀಟರಿನ ಆಸುಪಾಸು.

ಹೊರಬಂದ ಕಣಜಗಳನ್ನು ಶಾಲೆಯ ಏಕೈಕ ಸೂಕ್ಷ್ಮದರ್ಶಕದಡಿ ಇರಿಸಿ, ಕಂಡದ್ದನ್ನು ಚಿತ್ರಿಸಿರೆಂದೆ. ಆ ಹುಡುಗ ಪಾದದಲ್ಲಿ ಮೂರೇ ಗೆಣ್ಣು ಬರೆದಿದ್ದ. ನಾನೋ ಜಿರಳೆಯ ಪಾಠ ಮಾಡಿ ಮಾಡಿ ಪಳಗಿದವನು. ಐದಿರಬೇಕೆಂದು ಕೆಂಪು ಶಾಯಿಯಲ್ಲಿ ತಿದ್ದಿ ಒಂದು ಅಂಕ ಕಳೆದೆ. “ಮೂರೇ ಕಾಣ್ತವೆ ಸಾರ್” ಎಂದ. “ಸರಿಯಾಗಿ ನೋಡು” ಎಂದು ಗದರಿದೆ. ನಾನು ಮಾತ್ರ ನೋಡಲಿಲ್ಲ.

ಪಾದದಲ್ಲಿ ಮೂರೇ ಗೆಣ್ಣಿರುವುದು ಈ ಕಣಜದ ಕುಟುಂಬದ ಮುಖ್ಯ ಗುರುತೆಂದು ತಿಳಿದದ್ದು ವರ್ಷಗಳ ಮೇಲೆ. ರೆಕ್ಕೆಯ ಮೇಲಿನ ಸಣ್ಣ ರೋಮಗಳು ಸಾಲುಗಟ್ಟಿ ನಿಂತಿರುವುದು ಇನ್ನೊಂದು ಗುರುತು. ಹೆಸರಿನ ಅರ್ಥವೂ ರೋಮದ ಗೆರೆಯೆಂದೇ. ಗಂಡಿನ ಕುಡಿಮೀಸೆಯಲ್ಲಿ ಉದ್ದನೆಯ ರೋಮಗಳು, ಹೆಣ್ಣಿನದು ಗದೆಯ ಆಕಾರ. ಇಷ್ಟರಿಂದ ಕುಲವನ್ನು ಹಿಡಿಯಬಹುದು. ಪ್ರಭೇದದ ಮಾತು ಬೇರೆ. ಬಣ್ಣವನ್ನು ನಂಬುವಂತಿಲ್ಲ, ತಂಪಿನಲ್ಲಿ ಬೆಳೆದದ್ದು ಕಪ್ಪೇರುತ್ತದೆ, ಸೆಕೆಯಲ್ಲಿ ಬೆಳೆದದ್ದು ಹಳದಿಯಾಗುತ್ತದೆ. ಗಾತ್ರವೂ ಆಶ್ರಯ ನೀಡಿದ ಮೊಟ್ಟೆಗೆ ತಕ್ಕಂತೆ ಬದಲಾಗುತ್ತದೆ.

ಈ ಕಗ್ಗಂಟನ್ನು ಬಿಡಿಸಿದ ಕೆಲಸದ ದೊಡ್ಡ ಪಾಲು ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತ ಕೇಂದ್ರದಲ್ಲಿದ್ದ ಎಸ್. ನಾಗರಕಟ್ಟಿ ಮತ್ತು ಎಚ್. ನಾಗರಾಜ ಅವರು, ಗಂಡಿನ ಜನನಾಂಗದ ರಚನೆಯೇ ನೆಚ್ಚಬಹುದಾದ ಗುರುತೆಂದು 1971ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ನಮ್ಮ ಕಬ್ಬಿನ ಗದ್ದೆಯ ಕಣಜವನ್ನು ಇವಾನೆಸೆನ್ಸ್, ಮಿನುಟಮ್, ಆಸ್ಟ್ರೇಲಿಕಮ್ ಎಂದು ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆಯುತ್ತಿದ್ದರು. ಅದು ಕಿಲೋನಿಸ್ ಎಂದು 1979ರಲ್ಲಿ ಇತ್ಯರ್ಥವಾಯಿತು. (ಕೆಲವು ಸಂತತಿಗಳಲ್ಲಿ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯದಿಂದಾಗಿ ಗಂಡುಗಳೇ ಹುಟ್ಟುವುದಿಲ್ಲ! ಅಂಥಲ್ಲಿ ಈಗ ಡಿಎನ್‌ಎ ಪರೀಕ್ಷೆಯ ಮೊರೆ ಹೋಗುತ್ತಾರೆ.)

ಹೆಸರಿನಿಂದೇನು, ಹುಳು ಸತ್ತರೆ ಸಾಲದೇ ಎಂದು ಓದುಗರು ಕೇಳಬಹುದು. ಭತ್ತದ ಕಾಂಡಕೊರಕಕ್ಕೆ ಬಿಡುವುದು ಜಪಾನಿಕಮ್ ಎಂಬ ಬೇರೊಂದು ಪ್ರಭೇದವನ್ನು. ಅದಲುಬದಲಾದರೆ ನಷ್ಟ ರೈತನದು. ಆದರೂ ಹೆಸರಿಡುವವರ ಕೆಲಸವನ್ನು ನಾವು ಗುಮಾಸ್ತಗಿರಿಯಂತೆ ಕಾಣುತ್ತೇವೆ. ಚುರುಕಾದ ಮಕ್ಕಳನ್ನು ಆ ಕಡೆಗೆ ಕಳಿಸುವ ಯೋಚನೆ ಯಾವ ತಂದೆತಾಯಿಗೂ ಬರುವುದಿಲ್ಲ, ಉಪಾಧ್ಯಾಯರಿಗೂ ಬರುವುದಿಲ್ಲ. ಇದರಲ್ಲಿ ನಮ್ಮ ಪ್ರಾಯೋಗಿಕ ಪರೀಕ್ಷೆಯ ಪಾಲೂ ಇದೆಯೆಂಬುದು ನನ್ನ ಅಭಿಪ್ರಾಯ. ಅಲ್ಲಿ ಅಂಕ ದೊರೆಯುವುದು ಪುಸ್ತಕದ ಚಿತ್ರವನ್ನು ನೆನಪಿಟ್ಟವನಿಗೆ; ಮಸೂರದಡಿ ಎಣಿಸಿದವನಿಗಲ್ಲ.

ಕೆಲವು ವರ್ಷಗಳ ಹಿಂದೆ ಆ ಹುಡುಗ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಈಗ ಅವನೇ ವ್ಯವಸಾಯಗಾರ. “ಭತ್ತಕ್ಕೂ ಅದೇ ಕಾರ್ಡ್ ಆಗುತ್ತಾ ಸಾರ್?” ಎಂದು ಕೇಳಿದ. ಜಪಾನಿಕಮ್ ಎಂದು ಕೇಳಿ ತೆಗೆದುಕೋ ಎಂದೆ. ಆಮೇಲೆ ಆ ಒಂದು ಅಂಕದ ವಿಷಯ ಹೇಳಿದೆ. ಅವನಿಗೆ ನೆನಪಿರಲಿಲ್ಲ.